ತಿಪ್ಪೇರುದ್ರಪ್ಪನ ಗದರಿಕೆ

ಕುರುಗೋಡಿನ ಆ ಓಣಿಯಲ್ಲಿ ಕೂಸುಗಳಿಗೆ ಅನ್ನ ಉಣ್ಣಿಸುತ್ತಿದ್ದದ್ದು ತಾಯಂದಿರಲ್ಲ, ಪೊಲೀಸ್ ತಿಪ್ಪೇರುದ್ರಪ್ಪ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಸಂಜೆ ಅವನು ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ಸರಿಯಾಗಿ ಹೆಂಗಸರು ತಟ್ಟೆ ಹಿಡಿದುಕೊಂಡು ಕಟ್ಟೆಗೆ ಬಂದು ಕೂರುತ್ತಿದ್ದರು. ಬಾಯಿ ಬಿಗಿಹಿಡಿದ ಕೂಸಿನ ಮುಂದೆ ಅವನು ಬಂದು ನಿಲ್ಲಬೇಕು, ಲಾಠಿಯಿಂದ ಹೊಸ್ತಿಲನ್ನು ಕುಟ್ಟಬೇಕು, ಮೀಸೆಯ ಮೇಲೆ ಕೈಯಾಡಿಸಿ "ಯಾವನಲೇ ಅವ ಉಣ್ಣದಾಂವ?" ಎಂದು ಗದರಬೇಕು. ಅಷ್ಟೇ. ಬಾಯಿ ತಾನಾಗಿ ತೆರೆಯುತ್ತಿತ್ತು, ತುತ್ತು ಒಳಗೆ ಹೋಗುತ್ತಿತ್ತು. ಕೂಸು ಅಗಿಯಿತೋ ಹಾಗೇ ನುಂಗಿತೋ ಎಂದು ಯಾರೂ ನೋಡುತ್ತಿರಲಿಲ್ಲ.

ಈ ಕೆಲಸ ಅವನಿಗೆ ಬಲು ಇಷ್ಟ. ಪಕ್ಕದ ಓಣಿಯವರೂ ಗೋಡೆಯ ಮೇಲಿಂದ ಕತ್ತು ಚಾಚಿ, ರುದ್ರಣ್ಣಾ, ನಮ್ಮನ್ಯಾಗೊಂದು ಸಲ ಗದರಿಸಿ ಹೋಗ್ರಿ ಎಂದು ಕರೆಯುತ್ತಿದ್ದರು. ಹೋಗುತ್ತಿದ್ದ. ಗದರಿಕೆಗೆ ಪ್ರತಿಯಾಗಿ ಒಂದು ಲೋಟ ಮಜ್ಜಿಗೆ, ಎಣ್ಣೆಯಿಂದ ಆಗತಾನೆ ತೆಗೆದ ಮಿರ್ಚಿ. ಅವನ ಹೆಂಡತಿ ಕೊಟ್ರಬಸಮ್ಮನಿಗೆ ಮಾತ್ರ ಇದು ಸೇರುತ್ತಿರಲಿಲ್ಲ. ಮಂದಿ ಮಕ್ಕಳ ಎದೆ ಒಡೆದು ಮಿರ್ಚಿ ತಿನ್ನುವುದು ಯಾವ ಸೀಮೆ ದೊಡ್ಡಸ್ತಿಕೆ ಎಂದು ಒಲೆಯ ಮುಂದೆ ಕೂತು ಗೊಣಗುತ್ತಿದ್ದಳು. ಅವಳಿಗೆ ಗೊತ್ತಿತ್ತು. ಅವಳ ಇಬ್ಬರು ಗಂಡುಮಕ್ಕಳು ಮೀಸೆ ಬರುವಷ್ಟು ಬೆಳೆದಿದ್ದರೂ ಅಪ್ಪನ ಮುಂದೆ ನಿಂತು ನೆಟ್ಟಗೆ ನಾಲ್ಕು ಮಾತಾಡಿದವರಲ್ಲ. ತಿಪ್ಪೇರುದ್ರಪ್ಪ ಅದನ್ನು ಮರ್ಯಾದೆ ಅಂದುಕೊಂಡಿದ್ದ. ಅಂದುಕೊಳ್ಳಲಿ ಪಾಪ, ಅಂದುಕೊಳ್ಳುವುದಕ್ಕೆ ಯಾರ ಅಪ್ಪಣೆ ಬೇಕು.

ದನಿ ಅವನಿಗೆ ಹುಟ್ಟಿನಿಂದ ಬಂದದ್ದು. ಬಾದನಹಟ್ಟಿಯಲ್ಲಿ ಹುಡುಗನಾಗಿದ್ದಾಗ ಜೋಳದ ಹೊಲದ ಅಟ್ಟಣೆ ಮೇಲೆ ನಿಂತು ಅವನು ಒಮ್ಮೆ ಹೋ ಅಂದರೆ ತನ್ನ ಹೊಲದ ಹಕ್ಕಿಯಷ್ಟೇ ಅಲ್ಲ, ಬಾಜು ಹೊಲದ ಹಕ್ಕಿಯೂ ಎದ್ದು ಹೋಗುತ್ತಿತ್ತು. ಬಾಜು ಹೊಲದವರು ಅದಕ್ಕಾಗಿಯೇ ಅವನಿಗೆ ತೆನೆ ಕೊಡುತ್ತಿದ್ದರು. ಅರವತ್ತರ ದಶಕದ ಶುರುವಿಗೆ ಬಳ್ಳಾರಿಯಲ್ಲಿ ಪೊಲೀಸಿಗೆ ಆಳು ತೆಗೆದುಕೊಂಡಾಗ ಎದೆ ಅಳೆದ ಸಾಹೇಬರು ಹೆಸರು ಕೇಳಿದರು. ಇವನು ಹೇಳಿದ. ಸಾಹೇಬರು ಕಿವಿ ಮುಚ್ಚಿಕೊಂಡು, ಸಾಕಪ್ಪಾ ಸಾಕು, ನೀನು ಪಾಸು ಅಂದರಂತೆ. ಈ ಕಥೆಯನ್ನು ಅವನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ.

ತರಬೇತಿಯಲ್ಲಿ ಒಬ್ಬ ವಯಸ್ಸಾದ ಮೇಷ್ಟ್ರಿದ್ದರು. ಬ್ರಿಟಿಷರ ಕಾಲದಲ್ಲಿ ಸೇರಿ ತಲೆ ಬೆಳ್ಳಗೆ ಮಾಡಿಕೊಂಡವರು. ಕವಾಯತು ಮುಗಿಸಿ ಬೇವಿನ ಮರದ ನೆರಳಲ್ಲಿ ಹುಡುಗರನ್ನು ಕೂಡಿಸಿಕೊಂಡು ಒಂದು ದಿನ, ಪೊಲೀಸು ಅಂದರೆ ಯಾರು ಎಂದು ಕೇಳಿದರು. ಕಳ್ಳರನ್ನು ಹಿಡಿಯುವವನು ಅಂದ ಒಬ್ಬ. ಕಾಯ್ದೆ ಕಾಯುವವನು ಅಂದ ಇನ್ನೊಬ್ಬ. ತಿಪ್ಪೇರುದ್ರಪ್ಪ ಎದ್ದು ನಿಂತು, ಮಂದಿಯನ್ನು ಅಂಜಿಸುವವನು ಅಂದ. ಮುದುಕರು ಅವನನ್ನೇ ನೋಡುತ್ತಾ ಹೇಳಿದರು:

"ಅಂಜಿಕಿ ಆಗಿ ಓಡಾಕ ಹತ್ತಿದ ಹೆಣ್ಣುಮಗಳೊಬ್ಬಾಕಿ ದಾರ್ಯಾಗ ನಿನ್ನ ಕಂಡಳು ಅಂತ ತಿಳ್ಕೋ. ನಿನ್ನ ಕಡಿ ಓಡಿ ಬಂದ್ರ ನೀ ಪೊಲೀಸು. ನಿನ್ನ ಕಂಡು ಮತ್ತೊಂದು ದಿಕ್ಕಿಗೆ ಓಡಿದ್ರ ನೀ ಖಾಕಿ ಹಾಕ್ಕೊಂಡ ಪುಂಡ. ಇಷ್ಟಽ ಪಾಠ. ಉಳಿದದ್ದೆಲ್ಲ ಕವಾಯತು."

ತಿಪ್ಪೇರುದ್ರಪ್ಪ ಕೂತು, ಬಾಜುದವನ ಪಕ್ಕೆ ತಿವಿದು, ಮುದುಕರಿಗೆ ಪಿಂಚಣಿ ಹತ್ತಿರ ಬಂದಿದೆ ಎಂದು ಕಿಸಕ್ಕನೆ ನಕ್ಕ. ದಂಡಂ ದಶಗುಣಂ ಎಂದು ಹಿರಿಯರು ಸುಮ್ಮನೆ ಹೇಳಿದರೇ. ಭಯವಿಲ್ಲದೆ ಭಕ್ತಿಯಿಲ್ಲ. ಅವನ ಪಾಠ ಅವನಿಗೆ ಗಟ್ಟಿಯಿತ್ತು.

ಮೊದಲು ಸಿರುಗುಪ್ಪ. ಬಸ್ ಸ್ಟ್ಯಾಂಡಿನ ಹೋಟೆಲ್ಲಿಗೆ ಅವನು ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು, ಬೆಂಚು ಖಾಲಿಯಾಗುತ್ತಿತ್ತು, ಚಹಾ ತಾನಾಗಿ ಬರುತ್ತಿತ್ತು. ಭತ್ತದ ಗಾಡಿಗಳು ಅವನನ್ನು ಕಂಡು ದಾರಿ ಬಿಡುತ್ತಿದ್ದವು. ಅವನು ತಿರುಗುವ ಓಣಿಗಳಿಂದ ಒಂದು ಫಿರ್ಯಾದೂ ಠಾಣೆಗೆ ಬರುತ್ತಿರಲಿಲ್ಲ. ತಿಪ್ಪೇರುದ್ರಪ್ಪ ಇದ್ದಲ್ಲಿ ಕಳ್ಳತನ ಇಲ್ಲ ಎಂದು ಮೇಲಿನವರು ಬೆನ್ನು ತಟ್ಟಿದರು. ಅವನು ಲಂಚ ಮುಟ್ಟಿದವನಲ್ಲ, ಅದನ್ನು ಹೇಳಲೇಬೇಕು. ಕುಡಿದವನಲ್ಲ, ಹೆಣ್ಣುಮಕ್ಕಳ ಕಡೆ ತಲೆಯೆತ್ತಿ ನೋಡಿದವನಲ್ಲ. ಬೇಲಿ ಎದ್ದು ಹೊಲ ಮೇಯುವ ಜಾತಿಯಲ್ಲ ಅವನದು. ಆದರೆ ಹೊಲದವನೇ ಒಳಗೆ ಕಾಲಿಡಲು ಹೆದರುವಷ್ಟು ಮುಳ್ಳು ಬೆಳೆಸಿಕೊಂಡ ಬೇಲಿ. ಆ ಮುಳ್ಳು ಯಾರಿಗೆ ಚುಚ್ಚುತ್ತಿದೆ ಎಂದು ಅವನು ತಿರುಗಿ ನೋಡಿರಲಿಲ್ಲ.

ಎಪ್ಪತ್ತರ ಹೊತ್ತಿಗೆ ಕುರುಗೋಡಿಗೆ ಬಂದು, ಗುಡ್ಡದ ಬದಿಯ ಓಣಿಯಲ್ಲಿ ಬಾಡಿಗೆ ಮನೆ ಹಿಡಿದ. ಓಣಿಯ ತುದಿಗೆ ಕೂಲಿ ಮಾಡುವ ಹುಲುಗಮ್ಮನ ಗುಡಿಸಲು. ಗಂಡ ರಂಗಣ್ಣ ಭತ್ತದ ಕೊಯ್ಲಿಗೆಂದು ಸಿರುಗುಪ್ಪದ ಕಡೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಇದ್ದದ್ದೊಂದು ಹೆಣ್ಣುಕೂಸು, ಜಡೆಮ್ಮ. ಐದು ತುಂಬಿತ್ತೋ ಇಲ್ಲವೋ. ಕಡ್ಡಿಯಂಥ ಕಾಲು, ಬಟ್ಟಲಿನಂಥ ಕಣ್ಣು. ಓಣಿಯ ಮಕ್ಕಳಲ್ಲೆಲ್ಲ ಅತಿ ಬೇಗ ಬಾಯಿ ತೆರೆಯುತ್ತಿದ್ದ ಕೂಸು ಅದೇ. ಅವನು ಲಾಠಿ ಕುಟ್ಟುವುದೇ ಬೇಡ, ಓಣಿಯ ಬಾಯಲ್ಲಿ ಅವನ ಬೂಟಿನ ಸದ್ದು ಕೇಳಿದರೆ ಸಾಕು. ಇದು ಜಾಣ ಕೂಸು ಎಂದು ತಿಪ್ಪೇರುದ್ರಪ್ಪ ಹೊಗಳುತ್ತಿದ್ದ.

ಆ ದಿನ ಬೆಳಿಗ್ಗೆ ಜಡೆಮ್ಮ ಹೊಸ ಕೊಡ ಒಡೆಯಿತು. ಮಣ್ಣಿನ ಕೊಡ, ನೀರಿಗೆ ತಂದು ಎರಡು ದಿನವೂ ಆಗಿರಲಿಲ್ಲ. ಹುಲುಗಮ್ಮನಿಗೆ ಮೆಣಸಿನಕಾಯಿ ಬಿಡಿಸಲು ಹೋಗುವ ಗಡಿಬಿಡಿ, ಹೊಟ್ಟೆಯಲ್ಲಿ ಸಿಟ್ಟು. ಕೂಸಿಗೆ ಒಂದು ಏಟು ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಾಕಲಿಲ್ಲ. ಸಂಜೆ ಪೊಲೀಸಪ್ಪ ಬರಲಿ, ಹಿಡಿದುಕೊಟ್ಟುಬಿಡುತ್ತೇನೆ, ಜೈಲಿನಲ್ಲಿ ಕೂತು ಕೊಡ ಮಾಡು ಎಂದು ಹೇಳಿ ರೊಟ್ಟಿ ಕಟ್ಟಿಕೊಂಡು ಹೊರಟಳು. ಎಲ್ಲ ತಾಯಂದಿರೂ ಹೇಳುತ್ತಿದ್ದ ಮಾತೇ ಅದು. ಹೊಲ ಮುಟ್ಟುವಷ್ಟರಲ್ಲಿ ಅವಳೇ ಮರೆತಿದ್ದಳು.

ಅವತ್ತು ತಿಪ್ಪೇರುದ್ರಪ್ಪನಿಗೆ ಮಧ್ಯಾಹ್ನವೇ ಡ್ಯೂಟಿ ಮುಗಿದಿತ್ತು. ಬಿಸಿಲಲ್ಲಿ ಬೂಟು ಕುಟ್ಟುತ್ತಾ ಮನೆಗೆ ಬಂದ, ಉಂಡ, ಮಲಗಿದ. ಹೊತ್ತು ಇಳಿಯುವಾಗ ಹೆಂಡತಿ ಎಬ್ಬಿಸಿದಳು. ಹುಲುಗಮ್ಮನ ಕೂಸು ಕಾಣುತ್ತಿಲ್ಲವಂತೆ, ಆಗಿನಿಂದ ಮನೆಮನೆ ತಿರುಗುತ್ತಿದ್ದಾಳೆ, ಗಂಡಸರು ಕಾಲುವೆಯ ಕಡೆ ಹೋದರು ಅಂದಳು. ಕಾಲುವೆ ಅಂದದ್ದೇ ಅವನಿಗೆ ನಿದ್ದೆ ಹಾರಿತು. ಡ್ಯಾಮಿನ ನೀರು ತುಂಬಿ ಹರಿಯುತ್ತಿದ್ದ ದಿನಗಳು. ಅಂಗಿ ತೊಟ್ಟು, ಬೆಲ್ಟು ಬಿಗಿದು, ಟೋಪಿ ಇಟ್ಟು ಹೊರಬಂದ. ಹುಲುಗಮ್ಮ ಅವನ ಬಾಗಿಲು ದಾಟಿಕೊಂಡೇ ಓಡಾಡುತ್ತಿದ್ದಳು. ಕೂಸು ಕಳೆದರೆ ಮೊದಲು ಪೊಲೀಸಿನವನಿಗೆ ಹೇಳಬೇಕೋ ಬೇಡವೋ, ಇಷ್ಟೂ ತಿಳಿಯುವುದಿಲ್ಲವೇ ಎಂದು ಅವಳ ಮೇಲೇ ರೇಗಿದ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು.

ಹುಡುಕುವುದು ಅವನಿಗೆ ಗೊತ್ತಿದ್ದ ಕೆಲಸ. ಓಣಿಯ ಒಂದು ತುದಿಯಿಂದ ಹಿಡಿದ. ಸೀಟಿ ಊದಿದ. ಲಾಠಿಯಿಂದ ಬಾಗಿಲು ಬಡಿದ. ಕಣದ ಬಣವೆ ತಿವಿದ, ಕೊಟ್ಟಿಗೆಗಳಲ್ಲಿ ಬಗ್ಗಿ ನೋಡಿದ. ಕೂಗಿದ ಕೂಗಿಗೆ ಗುಡ್ಡ ಮರುಕೂಗು ಕೊಟ್ಟಿತು. ಎಲ್ಲಿದ್ದರೂ ಹೊರಗೆ ಬಾ, ಬರದಿದ್ದರೆ ನೋಡು ಎಂಬ ಅದೇ ಮಾತು, ಅದೇ ದನಿ. ಕಳ್ಳನಿಗೂ ಅದೇ, ಕಳೆದುಹೋದ ಕೂಸಿಗೂ ಅದೇ. ಅವನ ಬಳಿ ಬೇರೆ ದನಿ ಇರಲಿಲ್ಲ.

ಓಣಿಯ ನಡುವೆ ಕೊಟ್ಟೂರಪ್ಪನ ಮನೆ. ಉಳ್ಳವರು. ಅಂಗಳದಲ್ಲಿ ಹಗೇವು, ಅಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ವರ್ಷಗಟ್ಟಲೆ ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಬಾಯಿ ತೆರೆದು ಒಂದು ದಿನ ಬಿಟ್ಟು, ಕಂದೀಲು ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಆಳು ಇಳಿಯಬೇಕು. ಇಳಿದವನು ಮೇಲೆ ಬರದ ಮನೆಗಳು ಆ ಸೀಮೆಯಲ್ಲಿ ಎಷ್ಟೋ. ಹಿಂದಿನ ಸಂಜೆಯಷ್ಟೇ ಹಗೇವಿನ ಚಪ್ಪಡಿ ತೆಗೆಸಿದ್ದರು. ದನ ಕರು ಕಾಲಿಡಬಾರದೆಂದು ಕೊಟ್ಟೂರಪ್ಪನ ತಾಯಿ ಅಕ್ಕನಾಗಮ್ಮ ಆ ಬಾಯಿಯ ಮೇಲೆ ಬಿದಿರಿನ ದೊಡ್ಡ ಬುಟ್ಟಿಯೊಂದನ್ನು, ಹೆಡಿಗೆಯನ್ನು, ಬೋರಲು ಹಾಕಿಸಿದ್ದಳು.

ತಿಪ್ಪೇರುದ್ರಪ್ಪ ಆ ಅಂಗಳಕ್ಕೆ ನುಗ್ಗಿದ. ಕೊಟ್ಟಿಗೆ ನೋಡಿದ, ಬಾನಿಯ ಹಿಂದೆ ನೋಡಿದ. ಹೊರಡುವಾಗ, ಏನೂ ತೋಚದೆ, ರೂಢಿಯ ಮೇಲೆ, ಆ ಹೆಡಿಗೆಗೆ ಲಾಠಿಯಿಂದ ಎರಡು ಬಾರಿಸಿ, "ಯಾರದೀರಲೇ ಒಳಗ? ಬರ್ತೀರೋ, ಚರ್ಮ ಸುಲೀಲೋ?" ಎಂದು ಗದರಿದ.

ಏನೂ ಅಲುಗಲಿಲ್ಲ. ಅವನು ಬಾವಿಯ ಕಡೆ ಹೋದ.

ಕೂಸು ಅಲ್ಲೇ ಇತ್ತು ಸ್ವಾಮೀ, ಅಲ್ಲೇ ಇತ್ತು. ಹೆಡಿಗೆಯ ಕೆಳಗೆ, ಹಗೇವಿನೊಳಗೆ, ಜೋಳದ ರಾಶಿಯ ಮೇಲೆ. ಮಧ್ಯಾಹ್ನ ಓಣಿಯ ಬಾಯಲ್ಲಿ ಬೂಟಿನ ಸದ್ದು ಕೇಳಿದ್ದೇ ತಡ, ಸಂಜೆ ಬರಬೇಕಾದವನು ತನ್ನನ್ನು ಹಿಡಿಯಲು ಈಗಲೇ ಬಂದ ಎಂದುಕೊಂಡು, ಅಡಗಲು ಈ ಅಂಗಳಕ್ಕೆ ಓಡಿಬಂದು ಹೆಡಿಗೆಯ ಅಂಚು ಎತ್ತಿ ನುಸುಳಿತ್ತು. ಕೆಳಗೆ ನೆಲವಿರಲಿಲ್ಲ. ಹೆಡಿಗೆ ತನ್ನ ಜಾಗಕ್ಕೆ ತಾನೇ ಕೂತಿತ್ತು. ಜೋಳದ ಮೇಲೆ ಬಿದ್ದದ್ದರಿಂದ ಮೂಳೆ ಮುರಿಯಲಿಲ್ಲ. ಅವ್ವಾ ಎಂದು ಕೂಗಿದ್ದರೆ ಆಮೇಲೆ ಅಂಗಳಕ್ಕೆ ಬೇಳೆ ಒಣಹಾಕಲು ಬಂದ ಅಕ್ಕನಾಗಮ್ಮನಿಗೆ ಕೇಳುತ್ತಿತ್ತು. ಕೂಗಲಿಲ್ಲ. ಕೂಗಿದರೆ ಪೊಲೀಸಪ್ಪನಿಗೂ ಕೇಳುತ್ತದಲ್ಲ.

ಕೂಸು ಅಲ್ಲಿರುವುದು ಗೊತ್ತಾದದ್ದು ಅವನ ಸದ್ದು ನಿಂತಾಗ. ಸೀಟಿ, ಲಾಠಿ, ಗದರಿಕೆ ಎಲ್ಲ ಬಾವಿಯ ಕಡೆ ಸರಿದು ಅಂಗಳ ತಣ್ಣಗಾಯಿತು. ಕಾಲು ಸೋತ ಹುಲುಗಮ್ಮ ಅಂಗಳದ ಗೋಡೆಗೆ ಒರಗಿ ಕೂತು, ಯಾರಿಗೂ ಅಲ್ಲ, ತನಗೆ ತಾನೇ ಜಡೀ ಜಡೀ ಎನ್ನುತ್ತಿದ್ದಳು. ನೆಲದೊಳಗಿನಿಂದ ಒಂದು ಕೆಮ್ಮು ಬಂತು. ಅವಳು ಕಿವಿ ನೆಲಕ್ಕೆ ಹಚ್ಚಿದಳು. ಇನ್ನೊಂದು ಬಂತು. ಆಗ ಅವಳು ಇಟ್ಟ ಚೀರಾಟಕ್ಕೆ ಬಾವಿಯ ಬಳಿಯಿದ್ದ ತಿಪ್ಪೇರುದ್ರಪ್ಪನ ಕೈಯಿಂದ ಲಾಠಿ ಜಾರಿತು.

ಓಡಿ ಬಂದು ಹೆಡಿಗೆ ಎತ್ತಿ ಎಸೆದ. ಒಳಗೆ ಕತ್ತಲು, ಕತ್ತಲಲ್ಲಿ ಎರಡು ಕಣ್ಣು. ತಾನು ಬಾರಿಸಿದ ಹೆಡಿಗೆ ಇದೇ ಎಂದು ಹೊಳೆಯಿತು. ಆದರೆ ನಿಂತು ಯೋಚಿಸುವ ಹೊತ್ತಲ್ಲ. ಅಕ್ಕನಾಗಮ್ಮ ಕಂದೀಲು ಹಚ್ಚಿ ತಂದಳು. ಹಗ್ಗ ಕಟ್ಟಿ ಇಳಿಬಿಟ್ಟರು. ಬಾಯಿಯ ನೇರಕ್ಕೆ ಜೋಳ ಎತ್ತರವಾಗಿತ್ತು, ಅಲ್ಲಿ ದೀಪ ಚೆನ್ನಾಗಿಯೇ ಉರಿಯಿತು. ಒಂದು ಬದಿಗೆ ಹಿಂದಿನ ಸಲ ಜೋಳ ತೆಗೆದು ತಗ್ಗು ಬಿದ್ದಿತ್ತು, ಕಂದೀಲನ್ನು ಆ ಕಡೆ ತೂಗಿಬಿಟ್ಟರೆ ದೀಪ ಮಂಕಾಗಿ ಮುದುಡಿಕೊಂಡಿತು. ಕೆಟ್ಟ ಗಾಳಿ ನೀರಿದ್ದ ಹಾಗೆ, ತಗ್ಗಿನಲ್ಲಿ ನಿಲ್ಲುತ್ತದೆ. ಕೂಸು ಎತ್ತರದಲ್ಲಿದೆ, ಜೀವವಿದೆ. ಅಷ್ಟೇ ಅವನು ನೋಡಿದ್ದು. ಬೇರೆ ಯಾರನ್ನೂ ಮುಂದೆ ಬಿಡಲಿಲ್ಲ. ಹಗ್ಗದ ತುದಿಯನ್ನು ಕಂಬಕ್ಕೆ ಬಿಗಿದು ತಾನೇ ಇಳಿದ. ಜೀವದ ಆಸೆ ಬಿಟ್ಟೇ ಇಳಿದ, ಅದರಲ್ಲಿ ಸುಳ್ಳಿಲ್ಲ.

ಮೊದಲು ಅವನ ಬೂಟು ಕಂಡಿತು ಕೂಸಿಗೆ. ಆಮೇಲೆ ಖಾಕಿ ಚಡ್ಡಿ, ಬೆಲ್ಟು. ಅದು ಹಿಂದಕ್ಕೆ ಸರಿಯಿತು.

ಬಾ ಅಂದ. ಸರಿಯಿತು. ಕೈ ಚಾಚಿದ. ಇನ್ನೂ ಸರಿಯಿತು. ಅವನು ಹೆಜ್ಜೆ ಇಟ್ಟರೆ ಕಾಲು ಮೊಣಕಾಲಿನವರೆಗೆ ಜೋಳದಲ್ಲಿ ಹೂತುಕೊಳ್ಳುತ್ತಿತ್ತು. ಕೂಸು ಹಗುರ, ಅಂಡು ಉಜ್ಜಿಕೊಂಡು ಸರಸರನೆ ಜಾರುತ್ತಿತ್ತು. ಜಾರುತ್ತಿದ್ದದ್ದು ಯಾವ ಕಡೆ ಎಂದು ಅವನಿಗೆ ಆಗ ಕಂಡಿತು. ತಗ್ಗಿನ ಕಡೆ.

"ನಾ ಒಲ್ಲೆ," ಅಂದಿತು ಕೂಸು. "ನಾ ಕೊಡ ಒಡದಿಲ್ಲ. ತಾನಽ ಒಡೀತು."

ತಿಪ್ಪೇರುದ್ರಪ್ಪನಿಗೆ ಕೊಡದ ಸುದ್ದಿಯೇ ಗೊತ್ತಿರಲಿಲ್ಲ. ಯಾವ ಕೊಡ, ಏನು ಕಥೆ. ಮೆತ್ತಗೆ ಕರೆಯಬೇಕೆಂದು ಬಾಯಿ ತೆರೆದ. ಕೂಸೇ ಬಾ ಎಂದು ಹೊರಟದ್ದು ಗಂಟಲಿನಿಂದ ಬರುವಾಗ ಗದರಿಕೆಯಾಗಿಯೇ ಬಂತು. ಹತ್ತು ವರ್ಷ ಸಾಕಿದ ದನಿ ಅದು, ಒಂದು ಗಳಿಗೆಯಲ್ಲಿ ಮಾತು ಕೇಳುತ್ತದೆಯೇ. ಮುಚ್ಚಿದ ಹಗೇವಿನೊಳಗೆ ಅದು ನಾಲ್ಕೂ ಕಡೆಯಿಂದ ಮೊಳಗಿತು. ಕೂಸು ಎರಡೂ ಕಿವಿ ಮುಚ್ಚಿಕೊಂಡು ತಗ್ಗಿನ ಅಂಚಿಗೆ ಉರುಳಿತು. ಅಲ್ಲಿಂದ ಬಂದ ಕೆಮ್ಮು ಸಣ್ಣದಾಗಿತ್ತು.

ಮೇಲಿನಿಂದ ಅಕ್ಕನಾಗಮ್ಮ ಬಗ್ಗಿ ನೋಡುತ್ತಿದ್ದಳು. ಹತ್ತಾರು ಹಗೇವು ತೆಗೆಸಿದ ಮುದುಕಿ. ಅವಳು ಕೂಗಾಡಲಿಲ್ಲ.

"ಲೇ ರುದ್ರಪ್ಪ, ಮ್ಯಾಲ ಬಾ," ಅಂದಳು. "ನೀ ಮುಂದ ಹೋದಂಗ ಅದು ಸಾವಿನ ಕಡಿ ಹೋಗಾಕ ಹತ್ತೈತಿ. ನೀ ಇಲ್ದಿದ್ರ ಬದುಕತೈತಿ. ಬಾ."

ಕಳ್ಳರ ಕತ್ತಿ ನೋಡಿದವನು, ಒಂದು ಸಲ ಗಲಾಟೆಯಲ್ಲಿ ತಲೆ ಒಡೆಸಿಕೊಂಡವನು, ಆಗೆಲ್ಲ ಆಗದ ಹೆದರಿಕೆ ಅವನಿಗೆ ಈಗ ಆಯಿತು. ತಾನು ಕಾಪಾಡಲು ಬಂದಿದ್ದಾನೆ. ಕಾಪಾಡಲು ಬಂದವನನ್ನು ಕಂಡು ಈ ಕೂಸು ಸಾವಿನ ಕಡೆ ಸರಿಯುತ್ತಿದೆ. ತಾನೋ ಸಾವೋ ಎಂದು ಕೇಳಿದರೆ ಅದಕ್ಕೆ ಸಾವೇ ವಾಸಿ ಅನ್ನಿಸಿದೆ. ಬೇವಿನ ಮರದ ಕೆಳಗಿನ ಮುದುಕರು ಹೇಳಿದ ಮತ್ತೊಂದು ದಿಕ್ಕು ಎಲ್ಲಿದೆ ಎಂದು ಅವನು ಕಣ್ಣಾರೆ ನೋಡಿದ. ಅದು ಅವನ ಕಾಲಿನಿಂದ ಎರಡು ಮಾರು ದೂರದಲ್ಲಿತ್ತು.

ಹಗ್ಗ ಹಿಡಿದು ಮೇಲೆ ಬಂದ. ಇಡೀ ಸರ್ವಿಸಿನಲ್ಲಿ ಅವನು ಬೆನ್ನು ತಿರುಗಿಸಿ ಬಂದದ್ದು ಅದೊಂದೇ ಸಲ, ಮತ್ತು ಅವನು ಮಾಡಿದ ಒಳ್ಳೆಯ ಕೆಲಸವೂ ಅದೇ. ಹುಲುಗಮ್ಮನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದರು. ಹಗ್ಗದ ಇನ್ನೊಂದು ತುದಿ ಅವನ ಕೈಯಲ್ಲೇ ಇತ್ತು, ಆದರೆ ಬಾಯಿಯಿಂದ ಕಾಣದಷ್ಟು ದೂರ ನಿಲ್ಲಿಸಿದ್ದರು. ಕೆಳಗೆ ಅವಳು ಏನು ಅಂದಳೋ ಕೇಳಲಿಲ್ಲ. ಜಡೀ ಎಂಬುದೊಂದು ಕೇಳಿತು. ಆಮೇಲೆ ಹಗ್ಗ ಭಾರವಾಯಿತು, ಎಳೆದ.

ಕೂಸು ತಾಯಿಯ ಹೆಗಲ ಮೇಲೆ ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು. ತುಟಿ ನೀಲಿ. ಅಂಗಳದಲ್ಲಿ ಮಲಗಿಸಿ ಗಾಳಿ ಬೀಸಿದರು, ಮುಖಕ್ಕೆ ನೀರು ಹಾಕಿದರು, ಅಕ್ಕನಾಗಮ್ಮ ಅಂಗಾಲು ತಿಕ್ಕಿದಳು. ತಿಪ್ಪೇರುದ್ರಪ್ಪ ಮರೆತು ಹತ್ತಿರ ಬಂದುಬಿಟ್ಟಿದ್ದ. ತಡೆಯುವುದಕ್ಕೆ ಆಗಲಿಲ್ಲ ಅವನಿಗೆ. ಕೊನೆಗೆ ಕೂಸು ಉಸಿರೆಳೆದು ಕಣ್ಣು ಬಿಟ್ಟಿತು. ಕಣ್ಣಿನ ನೇರಕ್ಕೆ ಇದ್ದದ್ದು ಅವನ ಬೂಟು.

ಅದು ಅಳಲಿಲ್ಲ. ಮಗ್ಗುಲಾಯಿತು, ಮೊಣಕೈ ಊರಿತು, ತಾನು ಈಗಷ್ಟೇ ಹೊರಬಂದ ಆ ಹಗೇವಿನ ಬಾಯಿಯ ಕಡೆಗೇ ತೆವಳತೊಡಗಿತು.

ಹುಲುಗಮ್ಮ ಅದನ್ನು ಬಾಚಿ ಎದೆಗವಚಿಕೊಂಡಳು. ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಲಾಠಿ ಬಾವಿಯ ಬಳಿ ಬಿದ್ದದ್ದು ನೆನಪಾಗಲಿಲ್ಲ, ಮನೆಗೆ ನಡೆದ. ಅವನ ಹಿರಿಯ ಮಗ ಅದನ್ನು ತಂದು ಮೂಲೆಗೆ ಇಟ್ಟ. ತಿಪ್ಪೇರುದ್ರಪ್ಪ ಮಗನ ಮುಖ ನೋಡಿದ. ಮಗ ನೆಲ ನೋಡುತ್ತಿದ್ದ. ಇದನ್ನೂ ಇಷ್ಟು ವರ್ಷ ಮರ್ಯಾದೆ ಎಂದುಕೊಂಡಿದ್ದೆನಲ್ಲ ಎಂದು ಆಗ ಹೊಳೆದು, ತಟ್ಟೆಯ ಮುಂದೆ ಕೂತವನು ಉಣ್ಣದೆ ಎದ್ದ.

ಅಲ್ಲಿಗೆ ಮುಗಿಯಲಿಲ್ಲ. ಒಂದು ವಾರ ಬಿಟ್ಟು, ಟೋಪಿ ಬೆಲ್ಟು ಕಳಚಿಟ್ಟು ಬರೀ ಧೋತರ ಉಟ್ಟು ಹುಲುಗಮ್ಮನ ಗುಡಿಸಲಿನ ಹತ್ತಿರ ಹೋದ. ಕೂಸು ಒಳಗೆ ಓಡಿತು. ಧೋತರ ಉಟ್ಟರೇನು, ಮೀಸೆ ಅದೇ ಅಲ್ಲವೇ. ಅವತ್ತು ಕೂಸು ಕಾಣದಾದಾಗ ನನ್ನ ಬಾಗಿಲ ಮುಂದೆಯೇ ಓಡಾಡಿದೆ, ನನ್ನನ್ನು ಯಾಕೆ ಕರೆಯಲಿಲ್ಲ ಎಂದು ಹುಲುಗಮ್ಮನನ್ನು ಕೇಳಿದ. ಈ ಸಲ ರೇಗಲಿಲ್ಲ. ಅವಳು ಒಳಗೆ ಓಡಿದ ಕೂಸಿನ ಕಡೆ ಒಮ್ಮೆ ನೋಡಿ ಬಾಯಿಬಿಟ್ಟಳು.

"ನಿಮ್ಮತ್ರ ಬರಾಕ ನಮಗೂ ಅಂಜಿಕಿ ಐತಿರಿ ಯಪ್ಪಾ. ಹ್ವಾದ ವರ್ಸ ನಮ್ಮ ಆಡು ಕದ್ರು. ಯಾರು ಕದ್ರು ಅಂತ ಓಣಿಗೆಲ್ಲ ಗೊತ್ತು. ನಿಮಗ ಹೇಳಾಕ ಯಾರಿಗೂ ಧೈರ್ಯ ಬರಲಿಲ್ಲ."

ಓಣಿಗೆಲ್ಲ ಗೊತ್ತು. ತಾನಿದ್ದಲ್ಲಿ ಕಳ್ಳತನವಿಲ್ಲ ಎಂದು ಎದೆ ಉಬ್ಬಿಸಿಕೊಂಡು ತಿರುಗಿದ ಓಣಿ ಇದು. ಹಾಗಾದರೆ ಸಿರುಗುಪ್ಪದಲ್ಲಿ? ಒಂದು ಫಿರ್ಯಾದೂ ಬರದ ಆ ಓಣಿಗಳಲ್ಲಿ ಎಷ್ಟು ಆಡು ಹೋದವೋ, ಎಷ್ಟು ಹೆಣ್ಣುಮಕ್ಕಳು ಏಟು ತಿಂದು ಬಾಯಿ ಮುಚ್ಚಿಕೊಂಡರೋ. ಅವನು ಕಳ್ಳರ ಕೈ ಕಟ್ಟಿರಲಿಲ್ಲ, ಕಳೆದುಕೊಂಡವರ ಬಾಯಿ ಮುಚ್ಚಿಸಿದ್ದ. ಕೂಸು ಹಗೇವಿನಲ್ಲಿ ಮಾಡಿದ್ದನ್ನು ಇಡೀ ಊರು ಮೊದಲಿನಿಂದಲೂ ಮಾಡುತ್ತಾ ಬಂದಿತ್ತು, ಅವನ ಬೂಟಿನ ಸದ್ದಿಗೆ ಉಸಿರು ಹಿಡಿದು ಕೂರುವುದನ್ನು. ಆಡು ಕದ್ದವನ ಹೆಸರು ಕೇಳಿಕೊಂಡು ಅವನು ಹೊರಟ.

ಆಡಿನ ಕಳ್ಳನನ್ನು ಹಿಡಿದ, ಆ ಮಾತು ಬೇರೆ. ಆದರೆ ಅವತ್ತಿನಿಂದ ಗದರುವುದು ಬಿಟ್ಟ. ಹೆಂಗಸರು ತಟ್ಟೆ ಹಿಡಿದು ಕಾದರು, ಇವನು ತಲೆ ತಗ್ಗಿಸಿಕೊಂಡು ದಾಟಿ ಹೋದ. ಪೊಲೀಸಪ್ಪನಿಗೆ ಸೊಕ್ಕು ಬಂತು ಅಂದರು ಕೆಲವರು. ಹಗೇವಿನ ಗಾಳಿ ಬಡಿದಿದೆ, ಅಂತ್ರ ಕಟ್ಟಿಸಬೇಕು ಅಂದರು ಇನ್ನು ಕೆಲವರು. ಮೀಸೆ ಬೋಳಿಸಿದ ದಿನ ಕೊಟ್ರಬಸಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು, ಆಮೇಲೆ ಅವನ ಮುಖ ನೋಡಿ ಸ್ನಾನಕ್ಕೆ ನೀರು ಕಾಯಿಸಲು ಎದ್ದಳು. ಜಡೆಮ್ಮನಿಗೆಂದು ಶೇಂಗಾ ಉಂಡಿ ಮಾಡಿಸಿ ಗುಡಿಸಲಿನ ಕಟ್ಟೆಯ ಮೇಲೆ ಇಟ್ಟು ಬರುತ್ತಿದ್ದ. ಮರುದಿನ ಉಂಡಿ ಅಲ್ಲೇ ಇರುತ್ತಿತ್ತು, ಇರುವೆ ಮುತ್ತಿರುತ್ತಿತ್ತು. ವರ್ಗವಾಗಿ ಹೋಗುವ ತನಕ ಆ ಕೂಸು ಅವನ ಎದುರಿಗೆ ಬರಲಿಲ್ಲ.

ಮತ್ತೆ ಸಿರುಗುಪ್ಪ. ಅಲ್ಲಿ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಟೋಪಿ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂರುವುದನ್ನು ಕಲಿತ. ಬೆಂಚು ಮೊದಲಿನ ಹಾಗೆಯೇ ಖಾಲಿಯಾಗುತ್ತಿತ್ತು. ಮಂದಿ ಅಷ್ಟು ಸಲೀಸಾಗಿ ಮರೆಯುತ್ತಾರೆಯೇ. ಎಷ್ಟೋ ದಿನ ಕಳೆದ ಮೇಲೆ ಒಬ್ಬಳು ಮುದುಕಿ ಬಂದು, ಯಪ್ಪಾ ಈ ಬಸ್ಸು ರೂಪನಗುಡಿಗೆ ಹೋಗುತ್ತದೆಯೇ ಎಂದು ಕೇಳಿದಳು. ಅವಳಿಗೆ ಕಣ್ಣು ಮಂಜು, ಖಾಕಿ ಕಂಡಿರಲಿಲ್ಲ ಅನ್ನಿಸುತ್ತದೆ. ಅದೇನೇ ಇರಲಿ, ಗಂಟು ಹೊತ್ತು ಅವಳನ್ನು ಸರಿಯಾದ ಬಸ್ಸಿಗೆ ಹತ್ತಿಸಿ, ಮನೆಗೆ ಬಂದು ಹೆಂಡತಿಗೆ ಆ ಸುದ್ದಿಯನ್ನು ಮೂರು ಸಲ ಹೇಳಿದ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಬಳ್ಳಾರಿಯಲ್ಲಿ ದಫೇದಾರನಾಗಿದ್ದ. ತಲೆ ಬೆಳ್ಳಗಾಗಿತ್ತು, ಪಿಂಚಣಿ ಹತ್ತಿರವಿತ್ತು. ಹೊಸದಾಗಿ ಸೇರಿದ ಹುಡುಗರನ್ನು ಕೂಡಿಸಿಕೊಂಡು ಪೊಲೀಸು ಅಂದರೆ ಯಾರು ಎಂದು ಕೇಳುತ್ತಿದ್ದ. ಅವರು ಪಕ್ಕೆ ತಿವಿದುಕೊಂಡು ನಗುವುದನ್ನೂ ನೋಡುತ್ತಿದ್ದ.

ಒಂದು ಸಂಜೆ ಗಾಂಧಿನಗರದಲ್ಲಿ ಬರುತ್ತಿದ್ದ. ಯಾರೋ ಮನೆ ಕಟ್ಟಿಸುತ್ತಿದ್ದರು. ಮರಳು ಗುಡ್ಡೆಯ ಮೇಲೆ ಕೆಲಸದ ಹೆಣ್ಣುಮಗಳೊಬ್ಬಳು ಎರಡು ವರ್ಷದ ಕೂಸನ್ನು ಕೂಡಿಸಿಕೊಂಡು ಉಣ್ಣಿಸುತ್ತಿದ್ದಳು. ಕೂಸು ಬಾಯಿ ಬಿಗಿಹಿಡಿದಿತ್ತು. ಅವಳು ರಸ್ತೆಯ ಕಡೆ ಬೆರಳು ತೋರಿಸಿ, ತಿನ್ನು, ಅಗಾ ಪೊಲೀಸಪ್ಪ ಬಂದ, ಹಿಡಿದುಕೊಂಡು ಹೋಗುತ್ತಾನೆ ಅಂದಳು. ಬಾಯಿ ತೆರೆಯಿತು. ತುತ್ತು ಅಗಿಯದೇ ಹೋಯಿತು. ಗಂಟಲು ಉಬ್ಬಿ ಇಳಿದದ್ದನ್ನು ತಿಪ್ಪೇರುದ್ರಪ್ಪ ನೋಡಿದ. ಇಷ್ಟು ವರ್ಷದಲ್ಲಿ ಮೊದಲ ಸಲ ನೋಡಿದ. ಅವನ ಕಾಲು ಅಲ್ಲೇ ನಿಂತಿತು.

ಬಾಜಿನಲ್ಲಿ ಮೂರು ಕಲ್ಲು ಹೂಡಿ ರೊಟ್ಟಿ ಬಡಿಯುತ್ತಿದ್ದ, ಕೂದಲು ನರೆತ ಹೆಂಗಸು ತಲೆಯೆತ್ತಿದಳು. ಅವನನ್ನೇ ನೋಡಿದಳು. ಮೀಸೆಯಿಲ್ಲದ ಮುಖದಲ್ಲಿ ಹಳೆಯ ಮುಖ ಹುಡುಕಿಕೊಂಡು, ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. ಹುಲುಗಮ್ಮ. ಕುರುಗೋಡಿನ ರುದ್ರಪ್ಪ ಅಲ್ಲವೇನ್ರಿ ಅಂದಳು. ಮೊದಲಿನ ಅಂಜಿಕೆ ಅವಳಲ್ಲಿರಲಿಲ್ಲ, ವಯಸ್ಸು ತಿಂದುಹಾಕಿತ್ತು. ಆಮೇಲೆ ಮರಳಿನ ಮೇಲಿನ ಹೆಣ್ಣುಮಗಳನ್ನು ತೋರಿಸಿ, ಇವಳೇ ನಮ್ಮ ಜಡಿ, ಇದು ಅವಳ ಮಗ ಅಂದಳು.

ಹಗೇವು ನೆನಪಿದೆಯೇ ಎಂದು ತಿಪ್ಪೇರುದ್ರಪ್ಪ ಜಡೆಮ್ಮನನ್ನು ಕೇಳಿದ. ಅವಳು ನಕ್ಕಳು.

"ಅವ್ವ ಹೇಳ್ತಿರ್ತಾಳ್ರಿ. ನನಗೇನು ನೆಪ್ಪಿಲ್ಲ," ಅಂದಳು. ನಗುತ್ತಲೇ, "ಖಾಕಿ ಕಂಡ್ರ ಮಾತ್ರ ಈಗಲೂ ಎದಿ ಹೊಡಕೊಂತೈತಿ. ಯಾಕೋ ಗೊತ್ತಿಲ್ಲ," ಅಂದಳು.

ಅವಳ ಎಡಗೈ ಆಗಲೇ ಮಗನನ್ನು ಹಿಂದಕ್ಕೆ ಸರಿಸಿತ್ತು. ಹಾಗೆ ಸರಿಸಿದ್ದು ಅವಳಿಗೇ ಗೊತ್ತಿರಲಿಲ್ಲ.

ಅವನು ಟೋಪಿ ತೆಗೆದು ಮರಳಿನ ಮೇಲೆ ಇಟ್ಟ. ಮೊಣಕಾಲು ನೋಯುತ್ತಿದ್ದರೂ ಕೂಸಿನ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕೂತ, ಹತ್ತಿರ ಹೋಗಲಿಲ್ಲ.

"ಜಡೆಮ್ಮ," ಅಂದ, "ನಾಳಿ ಈ ಕೂಸು ಕಳಕೊಂಡ್ರ ಹುಡುಕಾಕ ಬರೋನು ನಾನಽ."

ಹುಲುಗಮ್ಮ ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದಳು. ಜಡೆಮ್ಮನ ನಗು ಹೋಯಿತು, ಕೈಯಲ್ಲಿದ್ದ ತುತ್ತು ತಟ್ಟೆಗೆ ಇಳಿಯಿತು. ಕೂಸು ಮಾತ್ರ ಅವನ ಖಾಕಿಯನ್ನೇ ನೋಡುತ್ತಾ, ಯಾರೂ ಹೇಳದಿದ್ದರೂ, ಹಸಿವಿನಿಂದಲ್ಲ, ಅಂಜಿ, ಬಾಯಿ ತೆರೆದುಕೊಂಡೇ ಕೂತಿತ್ತು. ಅವನು ಎದ್ದು ರಸ್ತೆಯ ತಿರುವು ದಾಟುವ ತನಕ ಮುಚ್ಚಲಿಲ್ಲ.